ನರಿಯಪ್ಪನವರ ಅರೆಕ್ಷಣ

ನರಿಯಪ್ಪನವರು ತಲೆಯಾಡಿಸಿದ್ದು ಕಾಫಿ ಯಂತ್ರಕ್ಕೆ. ದೊಡ್ಡ ಮೇಡಂ ಅದು ತಮಗೆಂದುಕೊಂಡರು. ಆ ದಿನದ ರಾದ್ಧಾಂತಕ್ಕೆಲ್ಲ ಇದೇ ಮೂಲ.

ಐದನೇ ಮಹಡಿಯ ಆ ಯಂತ್ರಕ್ಕೆ ಒಂದು ಚಾಳಿ ಇತ್ತು. ಗುಂಡಿ ಒತ್ತಿದರೆ ಮೊದಲು ಗೊರಗುಟ್ಟುತ್ತಿತ್ತು, ಆಮೇಲೆ ಕೊಂಚ ಹೊತ್ತು ಯೋಚಿಸುತ್ತಿತ್ತು, ಕೊನೆಗೆ ಲೋಟ ಬಿಟ್ಟು ಎರಡು ಬೆರಳು ಪಕ್ಕಕ್ಕೆ ಸುರಿಯುತ್ತಿತ್ತು. ಹದ ನೋಡಿ ಲೋಟ ಸರಿಸಿದವರಿಗಷ್ಟೇ ಕಾಫಿ. ಮಿಕ್ಕವರಿಗೆ ಒದ್ದೆ ಅಂಗಿ. ನರಿಯಪ್ಪನವರು ಲೋಟವನ್ನು ಸರಿಸುತ್ತ, ಹಠಮಾರಿ ಮಗುವಿಗೆ ಅನ್ನ ಉಣಿಸುವವರ ಹಾಗೆ “ಹೂಂ, ಹಾಗೆ, ಹಾಗೇ ಆಗ್ಲಿ” ಎಂದು ಪುಸಲಾಯಿಸುತ್ತಿದ್ದರು. ಅದೇ ಹೊತ್ತಿಗೆ ಸಂಸ್ಥೆಯ ಮುಖ್ಯಸ್ಥೆ ದೊಡ್ಡ ಮೇಡಂ ಬಂದು ಅವರ ಬೆನ್ನ ಹಿಂದೆ ನಿಂತು, “ನಮ್ಮ ಹಳೇ ಗೇಮ್‌ಗಳನ್ನ ಫೋನಲ್ಲಿ ಮಾರೋಣ ಅಂತ ಒಂದು ಯೋಚನೆ ಇದೆ, ನೀವೇನಂತೀರಿ?” ಎಂದು ಕೇಳಿದ್ದರು. ಯಂತ್ರದ ಗೊರಗೊರದಲ್ಲಿ ಪ್ರಶ್ನೆ ಮುಳುಗಿತು. ಉತ್ತರ ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಮೇಡಂ ಸಂತೋಷದಿಂದ ಲಿಫ್ಟ್ ಹತ್ತಿದರು.

ಆ ಸಂಸ್ಥೆಯವರು ಟಿ.ವಿ.ಗೆ ಸಿಕ್ಕಿಸಿ ಆಡುವ ಗೇಮ್ ಪೆಟ್ಟಿಗೆಗಳನ್ನೂ, ಆ ಪೆಟ್ಟಿಗೆಗಳಲ್ಲಿ ಆಡುವ ಗೇಮ್‌ಗಳನ್ನೂ ಮಾಡುತ್ತಿದ್ದರು. ಅವುಗಳಲ್ಲಿ ಒಂದು ಕಾಲಕ್ಕೆ ಮನೆಮಾತಾಗಿದ್ದದ್ದು ಒಂದು ನರಿಯ ಆಟ. ದಾರಿ ತಪ್ಪಿ ಊರೊಳಗೆ ಬಂದ ನರಿ ಹದಿನೆಂಟು ಬಾವಿಗಳನ್ನು ಹಾರಿ ತನ್ನ ಬಿಲಕ್ಕೆ ಮರಳಬೇಕು. ಕತೆ ಇಷ್ಟೇ. ಆ ನರಿಯ ನೆಗೆತದ ಪ್ರೋಗ್ರಾಮ್ ಬರೆದವರು ನರಿಯಪ್ಪನವರು. ಎಷ್ಟು ಎತ್ತರ ಹಾರಬೇಕು, ಗಾಳಿಯಲ್ಲಿ ಎಷ್ಟು ಹೊತ್ತು ಇರಬೇಕು, ಇಳಿದಾಗ ಬಾಲ ಹೇಗೆ ಕುಣಿಯಬೇಕು, ಎಲ್ಲವೂ ಇವರ ಇಪ್ಪತ್ತೇಳನೇ ವಯಸ್ಸಿನ ಕೆಲಸ. ಅಂದಿನಿಂದ ಎಲ್ಲರಿಗೂ ಇವರು ನರಿಯಪ್ಪ. ತಂದೆತಾಯಿ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಈಗ ಅವರಿಗೆ ಐವತ್ತೇಳು ದಾಟಿತ್ತು. ಹಳೇ ಗೇಮ್‌ಗಳ ದಾಖಲೆ ನೋಡಿಕೊಳ್ಳುವ ಮೂಲೆಯ ಮೇಜು ಅವರದು. ಉಳಿದ ಎರಡು ವರ್ಷವನ್ನು ಯಾರ ಕಣ್ಣಿಗೂ ಬೀಳದೆ ಕಳೆಯಬೇಕು ಎನ್ನುವುದೊಂದೇ ಅವರ ಮಹತ್ವಾಕಾಂಕ್ಷೆ. ಅದಕ್ಕೆ ಬೇಕಾದ ಗುಣವೂ ಅವರಲ್ಲಿತ್ತು. ಯಾವ ವಿಷಯಕ್ಕೂ ಹೌದು ಅಥವಾ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದವರಲ್ಲ.

ಕಾಫಿ ಲೋಟದೊಂದಿಗೆ ಅವರು ಮೇಜಿಗೆ ಬರುವುದರೊಳಗೆ ಮಾರಾಟ ವಿಭಾಗದ ಮುಖ್ಯಸ್ಥರು ಅಲ್ಲಿ ಕಾದಿದ್ದರು. ಆಫೀಸಿನಲ್ಲಿ ಅವರನ್ನು ಎಲ್ಲರೂ ಮಾರಾಟದವರು ಎಂದೇ ಕರೆಯುವುದು. ಸದಾ ಫೋನನ್ನು ಕನ್ನಡಿಯಂತೆ ಮುಖದ ಮುಂದೆ ಹಿಡಿದು ನಡೆಯುವ ಅವರು, ಈಗ ಅದನ್ನು ಜೇಬಿಗಿಳಿಸಿ ಎರಡೂ ಕೈಯಿಂದ ನರಿಯಪ್ಪನವರ ಕೈ ಹಿಡಿದುಕೊಂಡರು.

“ನೀವು ಇಷ್ಟು ಧೈರ್ಯವಾಗಿ ಹೇಳಿಬಿಡ್ತೀರ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ ಸಾರ್.”

“ನಾನೇನು ಹೇಳ್ದೆ?”

“ನೋಡಿ, ಇದನ್ನೇ ದೊಡ್ಡತನ ಅನ್ನೋದು. ಹಳೇ ಗೇಮ್ ಫೋನಲ್ಲಿ ಬರ್ಲಿ ಅಂತ ಮೇಡಂ ಹತ್ರ ಹೇಳಿದ್ರಂತಲ್ಲ. ನರಿ ಮಾಡಿದವರೇ ಒಪ್ಪಿದ ಮೇಲೆ ಇನ್ಯಾರ ಮಾತು ಬೇಕು? ಅಲ್ಲ ಸಾರ್, ನೀವೇ ಯೋಚ್ನೆ ಮಾಡಿ. ನಮ್ಮ ಪೆಟ್ಟಿಗೆ ಇರೋ ಮನೆ ಒಂದು ಬೀದೀಲಿ ಎಷ್ಟು ಸಿಗುತ್ತೆ? ಫೋನ್ ಇಲ್ಲದ ಜೇಬು ಒಂದು ತೋರ್ಸಿ ನೋಡೋಣ. ನಿಮ್ಮ ನರಿ ಕೆಳಗಡೆ ಗಾಜಿನ ಕಪಾಟಲ್ಲಿ ಸತ್ತ ಪ್ರಾಣಿ ಥರ ನಿಂತಿದೆ. ಆಚೆ ಬಿಡಿ ಅದನ್ನ. ಓಡಾಡ್ಲಿ.”

ಪ್ರವೇಶದ ಹಜಾರದಲ್ಲಿ ಗಾಜಿನ ಕಪಾಟೊಂದಿದೆ ನಿಜ. ಅದರಲ್ಲಿ ಮೂವತ್ತು ವರ್ಷದ ಹಳೆಯ ಪೆಟ್ಟಿಗೆ, ಅದರ ತಂತಿಗಳು, ನರಿಯ ಚಿತ್ರ ಇವೆ. ದಿನವೂ ಎರಡು ಸಲ ಅದರ ಮುಂದೆ ಹಾಯುತ್ತಿದ್ದರೂ ನರಿಯಪ್ಪನವರು ಅತ್ತ ನೋಡಿ ವರ್ಷಗಳಾಗಿದ್ದವು. ಆಟ ಮಾಡುವಾಗ ಅದೇ ನರಿಯನ್ನು ಸಾವಿರಾರು ಸಲ ಹಾರಿಸಿ, ಬೀಳಿಸಿ, ಅವರಿಗೆ ಎಷ್ಟು ಬೇಸರವಾಗಿತ್ತೆಂದರೆ ಆಟ ಅಂಗಡಿಗೆ ಹೋದ ಮೇಲೆ ಒಂದು ದಿನವೂ ಅದನ್ನು ಕೈಯಲ್ಲಿ ಹಿಡಿದಿರಲಿಲ್ಲ.

ಮಾರಾಟದವರು ಹೋದ ಅರ್ಧ ಗಂಟೆಗೆ ಪೆಟ್ಟಿಗೆಯವರು ಬಂದರು. ಪೆಟ್ಟಿಗೆ ತಯಾರಿಸುವ ವಿಭಾಗದ ಮುಖ್ಯಸ್ಥರಾದ ಇವರ ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸ್ಕ್ರೂಡ್ರೈವರ್ ಇರುತ್ತಿತ್ತು. ಕುರ್ಚಿ ಎಳೆದುಕೊಂಡು, ಮಾತಾಡದೆ, ಸಾವಿನ ಮನೆಗೆ ಬಂದವರಂತೆ ನೆಲ ನೋಡುತ್ತ ಕುಳಿತರು.

“ಏನಾಯ್ತಪ್ಪ?” ಎಂದು ಕೊನೆಗೆ ನರಿಯಪ್ಪನವರೇ ಕೇಳಿದರು.

“ಇಪ್ಪತ್ತೆರಡು ವರ್ಷ ಒಂದೇ ಮೇಜಲ್ಲಿ ಊಟ ಮಾಡಿದೀವಿ.”

“ಇವತ್ತೂ ಮಾಡೋಣ. ಯಾಕೆ?”

“ಹೊರಗಿನವರು ಹೇಳಿದ್ರೆ ನುಂಗ್ಕೋತಿದ್ದೆ. ನೀವು ಹೇಳಿದ್ರಿ.” ಪೆಟ್ಟಿಗೆಯವರು ತಲೆ ಎತ್ತಿದರು. “ಪೆಟ್ಟಿಗೆ ಗುಂಡಿ ಒತ್ತಿದ್ರೆ ಅದೂ ವಾಪಸ್ ನಮ್ಮ ಬೆರಳನ್ನ ಒತ್ತುತ್ತೆ. ಫೋನಿನ ಗಾಜು ಒತ್ತುತ್ತಾ? ಫೋನಲ್ಲಿ ನಿಮ್ಮ ನರಿ ಯಾವುದರ ಪಕ್ಕ ಕೂರ್ಬೇಕು ಗೊತ್ತಾ? ಟಾರ್ಚು, ಅಲಾರಾಂ, ಹವಾಮಾನ. ಬಾವಿ ಮೇಲೆ ಹಾರ್ತಾ ಇರುವಾಗ ಯಾರೋ ಸಾಲ ಬೇಕಾ ಅಂತ ಫೋನ್ ಮಾಡ್ತಾರೆ. ಪೆಟ್ಟಿಗೆ ಮುಂದೆ ಕೂತವನು ಕೂತ ಅಂದ್ರೆ ಕೂತ. ಅವನಿಗೆ ಬೇರೆ ಪ್ರಪಂಚ ಇರೋಲ್ಲ. ಅದು ಹೋದ್ರೆ ಪೆಟ್ಟಿಗೆ ಯಾಕೆ ಕೊಳ್ತಾರೆ? ಕೆಳಗಡೆ ನನ್ನ ಹತ್ರ ನಲವತ್ತು ಜನ ಇದ್ದಾರೆ. ಅವರನ್ನ ಏನ್ ಮಾಡ್ಲಿ?”

ಆ ಮಾತೂ ಸರಿಯೆನಿಸಿತು. ನರಿಯಪ್ಪನವರ ತೊಂದರೆಯೇ ಅದು. ಎದುರಿಗೆ ಕೂತವರ ಮಾತು ಯಾವಾಗಲೂ ಸರಿಯೆನಿಸುತ್ತಿತ್ತು. ಗೆಳೆಯನ ಕಣ್ಣಲ್ಲಿ ನೀರು ನೋಡಲಾಗದೆ, “ಅಯ್ಯೋ, ನಾನು ಹಾಗೆ ಹೇಳೇ ಇಲ್ಲ ಕಣಪ್ಪ” ಎಂದರು.

ಅದು ನಿಜವೂ ಆಗಿತ್ತು. ಆದರೆ ಹನ್ನೊಂದು ಗಂಟೆಗೆ ಅದು ಕೆಳಗಿನ ಮಹಡಿಯಲ್ಲಿ ‘ನರಿಯಪ್ಪನವರು ಖಂಡಿತ ಬೇಡ ಅಂದರು’ ಎಂದಾಯಿತು. ಹನ್ನೊಂದೂವರೆಗೆ ಎರಡೂ ವಿಭಾಗದವರು ಅವರ ಹೆಸರು ಹಿಡಿದು ಮೆಟ್ಟಿಲ ಮೇಲೆ ವಾದಕ್ಕಿಳಿದರು. ಹನ್ನೆರಡಕ್ಕೆ ದೊಡ್ಡ ಮೇಡಂ ಫೋನ್ ಮಾಡಿದರು.

“ನೀವು ಫೋನಲ್ಲಿ ಮಾರೋಣ ಅಂದ್ರೋ, ಬೇಡ ಅಂದ್ರೋ?”

“ಮೇಡಂ, ಎರಡು ಕಡೆನೂ ಒಂದೊಂದು ಮಾತು ಇದೆ...”

“ನಾಲ್ಕು ಗಂಟೆಗೆ ಸಭೆ. ಬಂದು ಒಂದು ಕಡೆ ಹೇಳಿ. ನೀವು ಹೇಳಿದ ಹಾಗೇ ಮಾಡೋಣ. ಪ್ರಯೋಗಕ್ಕೆ ಅಂತ ನರೀನ ಫೋನಿಗೆ ಹಾಕ್ಸಿದೀನಿ. ಕಳಿಸ್ತೀನಿ, ಆಡಿ ನೋಡಿ.”

ನಲವತ್ತು ಜನರ ಕೆಲಸ, ಗೆಳೆಯನ ಮುಖ, ಸಂಸ್ಥೆಯ ಮುಂದಿನ ದಾರಿ, ಎಲ್ಲವೂ ತನ್ನ ನಾಲಿಗೆಯ ತುದಿಗೆ ಬಂದು ಕೂತದ್ದು ನೋಡಿ ನರಿಯಪ್ಪನವರ ಬಾಯಿ ಒಣಗಿತು.

ಪ್ರಯೋಗದ ಫೋನು ಬಂತು. ಕನ್ನಡಕ ಏರಿಸಿಕೊಂಡು ಆಟ ತೆರೆದರು. ಮೂವತ್ತು ವರ್ಷದ ಮೇಲೆ ನರಿ ಅವರ ಅಂಗೈಯಲ್ಲಿ ನಿಂತು ಬಾಲ ಆಡಿಸಿತು. ಎದೆ ತುಂಬಿ ಬಂತು. ಮುಂದಕ್ಕೆ ಓಡಿಸಿ, ಮೊದಲ ಬಾವಿಯ ಅಂಚಿನಲ್ಲಿ ಗಾಜನ್ನು ಒತ್ತಿದರು. ನರಿ ಸೀದಾ ಬಾವಿಗೆ ಬಿತ್ತು.

ಬಿದ್ದಾಗ ‘ಕುಂಯ್’ ಎಂದಿತು. ಆ ಸದ್ದಿಗೆ ಪಕ್ಕದ ಮೇಜಿನವರು ತಿರುಗಿದರು. ಎರಡನೇ ಸಲ ಬಿದ್ದಾಗ ಅದರಾಚೆಯ ಮೇಜಿನವರೂ ತಿರುಗಿದರು. ಐದನೇ ಕುಂಯ್‌ಗೆ ಅವರ ಬೆನ್ನ ಹಿಂದೆ ಸಣ್ಣ ಸಂತೆ ನೆರೆದಿತ್ತು.

“ಹೆಬ್ಬೆರಳು ಅಡ್ಡ ಬರ್ತಿದೆ ಸಾರ್, ತೋರುಬೆರಳಲ್ಲಿ ಒತ್ತಿ.”

“ಬೇಡ ಬೇಡ, ಫೋನ್ ಮೇಜಿನ ಮೇಲಿಟ್ಟು ಆಡಿ.”

“ಕೈ ಬೆವರ್ತಿದೆ ಅವರಿಗೆ. ಒಂದು ಬಟ್ಟೆ ಕೊಡಿ.”

ಎಲ್ಲರ ಸಲಹೆಯನ್ನೂ ನರಿಯಪ್ಪನವರು ಪಾಲಿಸಿದರು. ನರಿ ಹನ್ನೊಂದು ಸಲ ಬಿತ್ತು. ತನ್ನ ಮಗುವನ್ನೇ ಎತ್ತಿಕೊಳ್ಳಲು ಬಾರದ ತಂದೆಯನ್ನು ನೋಡುವಂತೆ ಜನ ಅವರನ್ನು ನೋಡಿ, ಮರುಕಪಟ್ಟು, ಊಟದ ಗಂಟೆಯಾದ್ದರಿಂದ ಚದುರಿದರು. ಅವರು ಮಾತ್ರ ಊಟಕ್ಕೆ ಹೋಗಲಿಲ್ಲ. ಪೆಟ್ಟಿಗೆಯವರ ಮಾತೇ ನಿಜ, ಗಾಜಿಗೆ ಜೀವವಿಲ್ಲ ಎಂದುಕೊಂಡು ಹಣೆ ಹಿಡಿದು ಕುಳಿತರು.

“ಕಾಲು ಸ್ವಲ್ಪ ಎತ್ತಿ ಸಾರ್.”

ನೆಲ ಒರೆಸುವ ಅಕ್ಕ ಬಂದಿದ್ದಳು. ಐವತ್ತರ ಹೆಂಗಸು. ಚಿಕ್ಕವರು, ದೊಡ್ಡವರು, ಮೇಡಂ, ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಕಾಲೆತ್ತಿದ ನರಿಯಪ್ಪನವರ ಕೈಯಲ್ಲಿದ್ದ ಫೋನಿನ ಮೇಲೆ ಅವಳ ಕಣ್ಣು ಬಿತ್ತು. ಒರೆಸುವ ಕೋಲು ನಿಂತಿತು.

“ಅಯ್ಯೋ, ನೀವೂ ಆಡ್ತೀರಾ ನಮ್ಮ ನರೀನ?”

“ನಿಮ್ಮ ನರಿ?”

ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡಳು. ನರಿಯನ್ನು ಓಡಿಸಿ, ಬಾವಿಯ ಅಂಚಿಗೆ ಬಂದು ಒತ್ತಿದಳು. ಕುಂಯ್. ಅವಳ ಹುಬ್ಬು ಗಂಟಿಕ್ಕಿತು. “ಇದು ನಮ್ಮದಲ್ಲ ಸಾರ್. ಇದು ಬೀಳುತ್ತೆ.”

ಅತ್ತಿತ್ತ ನೋಡಿ, ಸೊಂಟದ ಚೀಲದಿಂದ ತನ್ನ ಫೋನ್ ತೆಗೆದಳು. ಗಾಜಿನ ಮೂಲೆ ಒಡೆದು, ಅಂಟುಪಟ್ಟಿ ಹಚ್ಚಿದ ಫೋನು. ಅದರಲ್ಲೂ ಅದೇ ನರಿ, ಅದೇ ಬಾಲ. ಯಾರೋ ಕದ್ದು ಮಾಡಿ ಹಂಚಿದ ನಕಲು ಎಂದು ನರಿಯಪ್ಪನವರಿಗೆ ನೋಡಿದ ಕೂಡಲೇ ತಿಳಿಯಿತು. ಅಕ್ಕ ಒಂದೇ ಹೆಬ್ಬೆರಳಲ್ಲಿ ಒಂದು, ಎರಡು, ಮೂರು ಬಾವಿ ದಾಟಿಸಿದಳು.

“ಇದನ್ನ ಎಲ್ಲಿ ಕಲಿತ್ರಿ?”

“ಬಸ್ಸಲ್ಲಿ ಸಾರ್. ಹೋಗೋಕೆ ಒಂದು ಗಂಟೆ, ಬರೋಕೆ ಒಂದು ಗಂಟೆ. ಮನೇಲಿ ಟಿ.ವಿ. ಮುಂದೆ ಮಾವ ಕೂತ್ರೆ ಏಳೋಲ್ಲ. ಅಡಿಗೆ ಮನೆ ನನ್ನದು ಅಂತಾರೆ, ಆದ್ರೆ ಅಲ್ಲಿ ಕೂರೋಕೆ ಆಗುತ್ತಾ? ಈ ಎರಡು ಗಂಟೆ ಮಾತ್ರ ನಂದು.” ನರಿ ನಾಲ್ಕನೇ ಬಾವಿಯ ಹತ್ತಿರ ಬಂದಿತ್ತು. “ಇಲ್ಲಿ ನೋಡಿ. ಅಂಚು ದಾಟಿಬಿಡ್ತು ಅನ್ನಿ, ನಾನು ಒತ್ತೋದು ತಡ ಆಯ್ತು. ಆದ್ರೂ ಬೀಳಿಸೋಲ್ಲ. ಅರೆಕ್ಷಣ ಗಾಳೀಲಿ ನಿಲ್ಲಿಸ್ಕೊಂಡು ಕಾಯುತ್ತೆ. ಈಗ ಒತ್ತಿದ್ರೆ, ನೋಡಿ, ಹಾರ್ತು. ದಿನವಿಡೀ ಎಲ್ಲರೂ ತಡ ಆಯ್ತು ತಡ ಆಯ್ತು ಅಂತಾನೇ ಇರ್ತಾರೆ. ಪರ್ವಾಗಿಲ್ಲ, ಇನ್ನೂ ಹೊತ್ತಿದೆ ಅನ್ನೋದು ಇದೊಂದೇ. ಇದನ್ನ ಮಾಡಿದವರು ಯಾರೋ ಒಳ್ಳೇ ಜನ ಇರ್ಬೇಕು ಸಾರ್.”

ನರಿಯಪ್ಪನವರು ಎತ್ತಿದ ಕಾಲನ್ನು ಇಳಿಸುವುದನ್ನೇ ಮರೆತರು. ಆ ಅರೆಕ್ಷಣ. ಹಗಲೂ ರಾತ್ರಿ ಕೂತು ತಾನು ಬರೆದದ್ದು. ಅಂಚು ತಪ್ಪಿದವರಿಗೂ ಒಂದು ಅವಕಾಶವಿರಲಿ, ಆದರೆ ಅವಕಾಶ ಕೊಟ್ಟದ್ದು ಅವರಿಗೆ ಗೊತ್ತಾಗದಿರಲಿ ಎಂದು. ಮೂವತ್ತು ವರ್ಷದಲ್ಲಿ ಅದನ್ನು ಯಾರೂ ಕಂಡುಹಿಡಿದು ಹೇಳಿರಲಿಲ್ಲ. ಬಹುಮಾನ ಬಂದಾಗ ಬಣ್ಣದ ಬಗ್ಗೆ ಬರೆದರು, ಹಿನ್ನೆಲೆಯ ರಾಗದ ಬಗ್ಗೆ ಬರೆದರು. ಇವತ್ತು ಒದ್ದೆ ನೆಲದ ಮೇಲೆ ನಿಂತು ಈ ಅಕ್ಕ ಹೇಳಿದಳು.

“ಯಾರಿಗೂ ಹೇಳ್ಬೇಡಿ ಸಾರ್, ಇದು ಹಾಗೇ ಯಾರೋ ಹಾಕ್ಕೊಟ್ಟಿದ್ದು,” ಎಂದು ಅಕ್ಕ ಫೋನನ್ನು ಚೀಲಕ್ಕೆ ಸೇರಿಸಿದಳು.

“ಯಾರಿಗೂ ಹೇಳೋಲ್ಲಮ್ಮ,” ಎಂದರು ಅವರು. ಮನಸ್ಸಿನಲ್ಲಿ ಎಲ್ಲವೂ ತಿಳಿಯಾಗಿತ್ತು. ಗಾಜಿನದಾಗಲಿ ಹೆಬ್ಬೆರಳಿನದಾಗಲಿ ದೋಷವೇ ಅಲ್ಲ. ಪ್ರಯೋಗದ ಫೋನಿಗೆ ಹಾಕುವಾಗ ನಮ್ಮವರೇ ಆ ಅರೆಕ್ಷಣವನ್ನು ಎಲ್ಲೋ ಚೆಲ್ಲಿದ್ದಾರೆ. ಕದ್ದವರಿಗೆ ಇದ್ದ ಎಚ್ಚರ ಮನೆಯವರಿಗಿಲ್ಲ. ಐವತ್ತೇಳು ವರ್ಷದಲ್ಲಿ ಮೊದಲ ಬಾರಿಗೆ ನರಿಯಪ್ಪನವರಿಗೆ ಒಂದು ಖಚಿತ ಅಭಿಪ್ರಾಯ ಹುಟ್ಟಿತು. ಅದು ಹೊಸ ಚಪ್ಪಲಿಯಂತೆ ಸ್ವಲ್ಪ ಕಚ್ಚುತ್ತಿತ್ತು, ಆದರೆ ಅದನ್ನು ಹಾಕಿಕೊಂಡು ನಡೆಯುವುದು ಖುಷಿಯಾಗಿತ್ತು.

ನಾಲ್ಕು ಗಂಟೆಗೆ ಸಭೆಯ ಕೋಣೆ ತುಂಬಿತ್ತು. ದೊಡ್ಡ ಮೇಡಂ ಮಧ್ಯದಲ್ಲಿ. ಎಡಕ್ಕೆ ಮಾರಾಟದವರು, ಬಲಕ್ಕೆ ಪೆಟ್ಟಿಗೆಯವರು. ಪ್ರಯೋಗದ ಆಟವನ್ನು ಫೋನಿಗೆ ಹಾಕಿದ್ದ ಇಂಜಿನಿಯರಮ್ಮ ಬಾಗಿಲ ಹತ್ತಿರ. ನರಿಯಪ್ಪನವರು ಎದ್ದು ನಿಂತರು.

“ಫೋನಲ್ಲಿ ಮಾರಬೇಕು,” ಎಂದರು.

ಪೆಟ್ಟಿಗೆಯವರು ಸ್ಕ್ರೂಡ್ರೈವರನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಇಟ್ಟರು, ರಾಜೀನಾಮೆ ಕೊಡುವವರ ಹಾಗೆ.

“ತಡಿಯಪ್ಪ, ಪೂರ್ತಿ ಹೇಳ್ತೀನಿ. ನಾವು ಪೆಟ್ಟಿಗೆ ಮಾಡಿದ್ದು ಮನೇಲಿ ಒಂದು ಕೋಣೆ, ಒಂದು ಟಿ.ವಿ., ಸಾಯಂಕಾಲ ಒಂದೆರಡು ಗಂಟೆ ಬಿಡುವು ಇರೋರಿಗೆ. ಅದು ತಪ್ಪಲ್ಲ. ಆದ್ರೆ ಕೋಣೆ ಇಲ್ಲದವರು, ಟಿ.ವಿ. ತಮ್ಮ ಕೈಗೆ ಸಿಗದವರು ಇದ್ದಾರೆ. ಅವರ ಬಿಡುವೆಲ್ಲ ಬಸ್ಸಲ್ಲೇ ಇದೆ. ನಮ್ಮ ನರಿ ಮನೆಗೆ ಹೋಗೋ ನರಿ. ಅದೂ ದಾರೀಲೇ ಇರ್ಬೇಕು. ಹಳೇ ಆಟ ಮಾರೋದಾ ಬೇಡ್ವಾ ಅಂತ ನಾವು ಜಗಳ ಆಡ್ತಿದೀವಿ. ಆದ್ರೆ ಜನ ಆಗ್ಲೇ ಆಡ್ತಿದಾರೆ, ನನಗೆ ಗೊತ್ತಿರೋ ಒಬ್ಬರು ದಿನಾ ಆಡ್ತಾರೆ. ನಾವು ಕೊಟ್ಟಿಲ್ಲ, ಅದಕ್ಕೇ ನಕಲು. ಒಂದೇ ಷರತ್ತು. ಕೊಡೋದಾದ್ರೆ ಸರಿಯಾಗಿ ಕೊಡ್ಬೇಕು. ಅಂಚು ದಾಟಿದ ಮೇಲೆ ನರಿ ಅರೆಕ್ಷಣ ಗಾಳೀಲಿ ಕಾಯೋ ಹಾಗೆ ನಾನು ಬರೆದಿದ್ದೆ. ಈ ಪ್ರಯೋಗದಲ್ಲಿ ಅದನ್ನ ಕಳೆದುಹಾಕಿದಾರೆ. ಅದಿಲ್ಲದ ನರಿ ನಮ್ಮ ನರಿಯಲ್ಲ.”

ಇವರು ಇಷ್ಟು ಮಾತಾಡಬಲ್ಲರು ಎನ್ನುವುದೇ ಎಲ್ಲರಿಗೂ ಸುದ್ದಿ. ಮೇಡಂ ಕಣ್ಣೊರೆಸಿಕೊಂಡಂತೆ ಕಂಡಿತು.

ಇಂಜಿನಿಯರಮ್ಮ ಕೈ ಎತ್ತಿದರು. “ಸಾರ್, ನಾವು ಒಂದಕ್ಷರ ಬದಲಾಯಿಸಿಲ್ಲ. ಮೂಲದಲ್ಲಿ ಹೇಗಿತ್ತೋ ಹಾಗೇ ಹಾಕಿದ್ದು.”

“ಎಲ್ಲೋ ತಪ್ಪಿದೆಯಮ್ಮ.”

“ಅದಕ್ಕೇನು, ಮೂಲ ಪೆಟ್ಟಿಗೆಯಲ್ಲೇ ನೋಡಿಬಿಡೋಣ,” ಎಂದು ಪೆಟ್ಟಿಗೆಯವರು ಎದ್ದರು. ಮುಖದಲ್ಲಿ ಮತ್ತೆ ರಕ್ತ ಸಂಚಾರವಾಗಿತ್ತು. “ಅರೆಕ್ಷಣ ಅಂದ್ರೆ ಏನು ಅಂತ ಎಲ್ಲರಿಗೂ ಗೊತ್ತಾಗ್ಲಿ. ಪೆಟ್ಟಿಗೆಯಲ್ಲಿ ಇರುತ್ತೆ, ಫೋನಲ್ಲಿ ಇರೋಲ್ಲ.”

ಗಾಜಿನ ಕಪಾಟಿನ ಬೀಗದ ಕೈ ಯಾರ ಹತ್ತಿರವಿದೆ ಎಂದು ಯಾರಿಗೂ ತಿಳಿಯದ ಕಾರಣ ಸ್ಕ್ರೂಡ್ರೈವರೇ ಬೀಗದ ಕೈಯಾಯಿತು. ಹಳೆ ಪೆಟ್ಟಿಗೆಗೆ ಹೊಂದುವ ಟಿ.ವಿ. ಉಗ್ರಾಣದಲ್ಲಿ ಹೂಕುಂಡಕ್ಕೆ ಪೀಠವಾಗಿತ್ತು. ಹೂಕುಂಡ ಇಳಿಸಿ, ನಾಲ್ಕು ಜನ ಹೆಣ ಹೊತ್ತ ಹಾಗೆ ಅದನ್ನು ಹೊತ್ತು ತಂದರು. ತಂತಿಗಳನ್ನು ಸಿಕ್ಕಿಸುವುದರಲ್ಲಿ ಪ್ರತಿಯೊಬ್ಬರೂ ಪಂಡಿತರಾದರು. ಕೆಂಪಿಗೆ ಹಳದಿ, ಹಳದಿಗೆ ಬಿಳಿ ಸೇರಿ, ಮೊದಲು ಚಿತ್ರವಿಲ್ಲದ ಸದ್ದು, ಆಮೇಲೆ ಸದ್ದಿಲ್ಲದ ಚಿತ್ರ ಬಂದು, ಅರ್ಧ ಗಂಟೆಯ ಮೇಲೆ ನರಿ ಬಾಲ ಆಡಿಸುತ್ತ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ನರಿಯಪ್ಪನವರೇ ಗುಂಡಿಯ ಹಿಡಿಕೆ ತೆಗೆದುಕೊಂಡರು. ಗುಂಡಿ ನಿಜಕ್ಕೂ ಬೆರಳನ್ನು ಒತ್ತಿತು. ಹಳೇ ಗೆಳೆಯ ಕೈ ಹಿಸುಕಿದಂತಿತ್ತು. ನರಿಯನ್ನು ಓಡಿಸಿದರು. ಅಂಚು ದಾಟಿದ ಮೇಲೆ, ಬೇಕೆಂದೇ ಸ್ವಲ್ಪ ತಡೆದು, ಒತ್ತಿದರು.

ಕುಂಯ್.

ಇನ್ನೊಮ್ಮೆ. ಕುಂಯ್. ಮತ್ತೊಮ್ಮೆ. ನರಿ ಅಂಚಿನ ಆಚೆ ಒಂದು ಕೂದಲೆಳೆಯಷ್ಟೂ ನಿಲ್ಲದೆ, ಕಲ್ಲಿನ ಹಾಗೆ ಇಳಿಯಿತು.

ಮೂರನೇ ಸಲದ ಸದ್ದಿಗೆ ನರಿಯಪ್ಪನವರ ತಲೆಯೊಳಗೆ ಮುಚ್ಚಿದ್ದ ಬಾಗಿಲೊಂದು ತೆರೆಯಿತು. ಅವರ ಆಗಿನ ಮುಖ್ಯಸ್ಥರನ್ನು ಎಲ್ಲರೂ ಗರಗಸ ಎನ್ನುತ್ತಿದ್ದರು. ಯಾರು ಏನೇ ಬರೆದು ತಂದರೂ ಅದರಲ್ಲಿ ಅರ್ಧ ಕತ್ತರಿಸದೆ ಬಿಟ್ಟವರಲ್ಲ. ಒಂದು ಸಂಜೆ ಗರಗಸ ಇವರ ಹೆಗಲ ಮೇಲಿಂದ ಬಗ್ಗಿ ನೋಡಿ, “ಇದೇನು ದಾನಧರ್ಮ? ತಪ್ಪು ಮಾಡಿದವನು ಬೀಳ್ಬೇಕು. ತೆಗಿ” ಎಂದಿದ್ದರು. ಇವರು ತೆಗೆದಿದ್ದರು. ಅಲ್ಲೇ, ಅವರೆದುರಿಗೇ. ಬರೆದದ್ದು ಮೂವತ್ತು ವರ್ಷ ನೆನಪಿನಲ್ಲಿ ಉಳಿದಿತ್ತು. ಅಳಿಸಿದ್ದನ್ನು ಮಾತ್ರ ಮನಸ್ಸು ಉಪಾಯವಾಗಿ ಮರೆತಿತ್ತು.

ಅವರು ಹಿಡಿಕೆಯನ್ನು ಮೆಲ್ಲಗೆ ಕೆಳಗಿಟ್ಟರು. “ಇರ್ಲಿಲ್ಲ,” ಎಂದರು. “ಇದರಲ್ಲಿ ಅದು ಇರ್ಲೇ ಇಲ್ಲ.”

ಮಾರಾಟದವರು ಚಾವಣಿ ನೋಡಿದರು. ಪೆಟ್ಟಿಗೆಯವರು ನೆಲ ನೋಡಿದರು. ಲೋಟ ತೆಗೆಯಲು ಬಂದು ಮೂಲೆಯಲ್ಲಿ ನಿಂತಿದ್ದ ಅಕ್ಕ ಮಾತ್ರ ನರಿಯಪ್ಪನವರ ಮುಖವನ್ನೇ ನೋಡುತ್ತಿದ್ದಳು. ವಯಸ್ಸಾದವರೊಬ್ಬರು ಅಷ್ಟು ಜನರೆದುರು ಸುಳ್ಳುಗಾರರಾಗುವುದು ಅವಳಿಂದ ಸಹಿಸಲಾಗಲಿಲ್ಲ. ತಟ್ಟೆ ಕೆಳಗಿಟ್ಟಳು. ಸೊಂಟದ ಚೀಲದಿಂದ ಫೋನು ತೆಗೆದು ಮೇಡಂ ಮುಂದೆ ಇಟ್ಟಳು.

“ಸಾರ್ ಸುಳ್ಳು ಹೇಳ್ತಿಲ್ಲ ಮೇಡಂ. ಅವರು ಹೇಳಿದ್ದು ನನ್ನ ವಿಷ್ಯ. ಆ ಅರೆಕ್ಷಣ ಇದೆ. ನೋಡಿ.”

ಮೇಡಂ ಆಡಿದರು. ನರಿ ಅಂಚು ದಾಟಿತು, ಗಾಳಿಯಲ್ಲಿ ನಿಂತಿತು, ಕಾಯಿತು, ಹಾರಿತು. ಮೇಡಂ ಬಾಯಿಂದ ಸಣ್ಣ ನಗು ಹೊರಟಿತು. ಫೋನು ಕೈಯಿಂದ ಕೈಗೆ ಹೋಯಿತು. ಪೆಟ್ಟಿಗೆಯವರೂ ಮನಸ್ಸಿಲ್ಲದೆ ಆಡಿ, ಮನಸ್ಸಿಲ್ಲದೆ ವಾಪಸು ಕೊಟ್ಟರು. ಇಂಜಿನಿಯರಮ್ಮ ಮಾತ್ರ ನಗಲಿಲ್ಲ.

“ಮೇಡಂ, ಇದನ್ನ ಹೊರಗಿನವರು ಮಾಡೋಕಾಗೋಲ್ಲ. ನೆಗೆತದ ಮೂಲ ಬರವಣಿಗೆ ಕೈಯಲ್ಲಿ ಇರ್ಬೇಕು. ಅದು ಇರೋದು ಸಾರ್ ದಾಖಲೆ ಕಪಾಟಲ್ಲಿ ಮಾತ್ರ.”

ಎಲ್ಲರ ಕಣ್ಣೂ ನರಿಯಪ್ಪನವರತ್ತ ತಿರುಗಿದವು. ಕಪಾಟಿನ ಯಜಮಾನರು ಇವರು. ಅರೆಕ್ಷಣ ಬರೆದೆ ಎಂದು ಹೇಳಿಕೊಂಡವರೂ ಇವರೇ. ನಕಲು ಹರಿದಾಡುತ್ತಿದೆ, ಆಡುವವರು ನನಗೆ ಗೊತ್ತು ಎಂದು ಭಾಷಣ ಬೇರೆ ಮಾಡಿದ್ದರು.

“ನೀವೇನಾದ್ರೂ...” ಎಂದು ಮೇಡಂ ಅರ್ಧಕ್ಕೆ ನಿಲ್ಲಿಸಿದರು. ಆ ಅರ್ಧದಲ್ಲೇ ನರಿಯಪ್ಪನವರಿಗೆ ತಮ್ಮ ಮೂಲೆಯ ಮೇಜು, ಉಳಿದೆರಡು ವರ್ಷ, ಪಿಂಚಣಿ, ಎಲ್ಲವೂ ಸಾಲಾಗಿ ಬಾವಿಯ ಅಂಚಿಗೆ ಬಂದು ನಿಂತಂತೆ ಕಂಡಿತು. ಇಲ್ಲ ಎಂದು ಹೇಳಲು ಬಾಯಿ ತೆರೆದರು. ಆ ಪದ ಅಭ್ಯಾಸವಿಲ್ಲದ್ದರಿಂದ ಹೊರಡಲಿಲ್ಲ.

ಅಕ್ಕನಿಗೆ ಗಾಬರಿಯಾಯಿತು. “ಅವರಲ್ಲ ಮೇಡಂ. ಮಾಡಿದವರ ನಂಬರೇ ಇದರಲ್ಲಿದೆ. ಕೊನೇ ಬಾವಿ ಆದ್ಮೇಲೆ ಬರುತ್ತೆ, ನರಿ ಸಿಕ್ಕಿಹಾಕ್ಕೊಂಡ್ರೆ ಫೋನ್ ಮಾಡಿ ಅಂತ. ನಾನು ಎರಡು ಮೂರು ಸಲ ಮಾಡಿದೀನಿ. ಯಾರೋ ತಾತ. ಬಾವಿ ದಾಟೋದು ಹೇಳ್ಕೊಟ್ಟು, ಊಟ ಆಯ್ತಾ ಅಂತಲೂ ಕೇಳ್ತಾರೆ.”

ಮೇಡಂ ಅಕ್ಕನ ಫೋನಿನಿಂದಲೇ ಆ ನಂಬರಿಗೆ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಫೋನನ್ನು ಮೇಜಿನ ಮಧ್ಯೆ ಇಟ್ಟರು.

“ಹೇಳಿ, ಎಷ್ಟನೇ ಬಾವಿ?” ಎಂದಿತು ಒಂದು ಮುದಿ ದನಿ.

ಆ ದನಿ ಕೇಳಿದ್ದೇ ತಡ, ನರಿಯಪ್ಪನವರು ತಮಗರಿವಿಲ್ಲದೆ ಎದ್ದು ನಿಂತರು. ಹದಿನೆಂಟು ವರ್ಷದ ಹಿಂದೆ ನಿವೃತ್ತರಾದ ದನಿ. ಸ್ವಲ್ಪ ನಡುಗುತ್ತಿತ್ತು, ಆದರೆ ಹಲ್ಲುಗಳು ಹಾಗೇ ಇದ್ದವು. ಗರಗಸ.

ಮೇಡಂ ತಾವು ಯಾರೆಂದು ಹೇಳಿದರು.

“ಕದ್ದದ್ದು ಹೌದಮ್ಮ,” ಎಂದಿತು ದನಿ. “ಕೆಲಸ ಬಿಡುವಾಗ ಒಂದು ಪ್ರತಿ ಇಟ್ಕೊಂಡಿದ್ದೆ. ಈಗ ಎಪ್ಪತ್ತೆಂಟು ನನಗೆ. ಹೆಂಡತಿ ಹೋದಳು, ಹೊತ್ತು ಹೋಗೋಲ್ಲ. ಪೆಟ್ಟಿಗೆ ಕೆಟ್ಟು ಕೂತಿತ್ತು. ನೀವು ಫೋನಲ್ಲಿ ಕೊಡ್ಲಿಲ್ಲ, ನಾನೇ ಹಾಕ್ಕೊಂಡೆ. ಆಡೋಕೆ ಕೂತ್ರೆ ಮೊದಲನೇ ಬಾವಿ ದಾಟೋಕಾಗ್ಲಿಲ್ಲ. ಕೈ ನಡುಗುತ್ತೆ. ಆಗ ನೆನಪಾಯ್ತು, ನನ್ನ ಕೈಕೆಳಗೆ ಒಬ್ಬ ಹುಡುಗ ಇದ್ದ. ಉದ್ದಕ್ಕೆ, ಸಾಧು. ಬೀಳೋರನ್ನ ಅರೆಕ್ಷಣ ಹಿಡಿಯೋ ಹಾಗೆ ಒಂದು ಬರೆದಿದ್ದ. ನಾನು ತೆಗೆಸಿದ್ದೆ. ಹಳೇ ಕಾಗದದಲ್ಲಿ ಅದು ಇನ್ನೂ ಇತ್ತು. ವಾಪಸ್ ಹಾಕ್ದೆ. ಅವನು ಸರಿ, ನಾನು ತಪ್ಪು. ಅವನು ಸಿಕ್ಕಿದ್ರೆ ಹೇಳ್ಬೇಕು ಅಂತಿತ್ತು. ಹೆಸರೇ ಮರೆತೋಯ್ತು.”

ಪೆಟ್ಟಿಗೆಯವರು ನರಿಯಪ್ಪನವರ ಬೆನ್ನ ಮೇಲೆ ಕೈ ಇಟ್ಟರು. ಮೂವತ್ತು ವರ್ಷದಲ್ಲಿ ಯಾರೂ ಕೊಡದ ಬಹುಮಾನ ಹೀಗೆ ಒಡೆದ ಗಾಜಿನ ಫೋನಿನೊಳಗಿಂದ ಬರುತ್ತದೆಂದು ಅವರು ಎಣಿಸಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

ಮೇಡಂ ಯಾವಾಗಲೂ ಬೇಗ ತೀರ್ಮಾನ ಮಾಡುವವರು. ಆ ಅರೆಕ್ಷಣದೊಂದಿಗೆ ನರಿಯನ್ನು ಫೋನಿಗೂ ಕೊಡುವುದು, ಅದೇ ನರಿಯನ್ನು ಹಾಕಿದ ಹೊಸ ಪೆಟ್ಟಿಗೆಯನ್ನೂ ಮಾಡುವುದು. ಮಾರಾಟದವರೂ ಪೆಟ್ಟಿಗೆಯವರೂ ಬೆಳಗ್ಗೆಯಿಂದ ಮೊದಲ ಸಲ ಒಬ್ಬರನ್ನೊಬ್ಬರು ನೋಡಿ ನಕ್ಕರು. ಕದ್ದದ್ದಕ್ಕೆ ಮೊಕದ್ದಮೆಯ ಬದಲು ಹಿರಿಯರು ಬಂದು ಹಳೇ ಗೇಮ್‌ಗಳ ವಿಭಾಗವನ್ನು ವಹಿಸಿಕೊಳ್ಳಬೇಕು, ಎಲ್ಲವನ್ನೂ ಹೀಗೇ ಸರಿಪಡಿಸಿಕೊಡಬೇಕು ಎಂದು ಮೇಡಂ ಕೇಳಿಕೊಂಡರು. ದನಿ ಒಪ್ಪಿತು.

“ನೀವು ಕೊಡೋದರಲ್ಲಿ ಆ ನಂಬರ್ ಇರುತ್ತಾ ಮೇಡಂ?” ಎಂದು ಅಕ್ಕ ಕೇಳಿದಳು.

“ನಂಬರ್ ಯಾಕಮ್ಮ? ಅವರಿಗೆ ಇಲ್ಲಿ ಕೆಲಸ ಇರುತ್ತಲ್ಲ.”

ಅಕ್ಕ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡು ಹೊರಟಳು. ಅವಳು ಹೋದದ್ದನ್ನು ನರಿಯಪ್ಪನವರೊಬ್ಬರೇ ನೋಡಿದರು. ನೋಡುತ್ತಿದ್ದಂತೆಯೇ ಇನ್ನೊಂದು ವಿಷಯವೂ ಅವರಿಗೆ ನಿಧಾನವಾಗಿ ಹೊಳೆಯಿತು. ಹಳೇ ಗೇಮ್‌ಗಳ ವಿಭಾಗ ಎಂದರೆ ಮೂಲೆಯ ಒಂದು ಮೇಜು. ಆ ಮೇಜಿನಲ್ಲಿ ಕೂರುವವರು ಒಬ್ಬರೇ.

“ನೆಗೆತದ ಕೆಲಸ ಗೊತ್ತಿರೋರು ಯಾರಾದ್ರೂ ಉಳಿದಿದಾರಾ ಅಲ್ಲಿ?” ಎಂದು ಫೋನು ಕೇಳಿತು.

ಎಲ್ಲರೂ ಪ್ರೀತಿಯಿಂದ ಅವರನ್ನು ಮುಂದಕ್ಕೆ ತಳ್ಳಿದರು.

“ನಮಸ್ಕಾರ ಸಾರ್,” ಎಂದರು ನರಿಯಪ್ಪನವರು.

“ಓ. ನೀನಾ. ಇನ್ನೂ ಅಲ್ಲೇ ಇದೀಯಾ? ಕೇಳಿಸ್ಕೊಂಡೆಯಲ್ಲ, ನೀನೇ ಸರಿ ಇದ್ದೆ ಕಣಯ್ಯ.”

“ದೊಡ್ಡ ಮಾತು ಸಾರ್.”

“ಅದು ಅದೊಂದರಲ್ಲಿ. ಮಿಕ್ಕ ನೆಗೆತದಲ್ಲಿ ಕತ್ತರಿಸೋದು ಬೇಕಾದಷ್ಟಿದೆ, ಆಗ ಟೈಮ್ ಸಿಗ್ಲಿಲ್ಲ. ನಾಳೆ ಬೆಳಗ್ಗೆ ಎಂಟೂವರೆಗೆ ಬಾ.”

“ಆಫೀಸು ಒಂಬತ್ತೂವರೆಗೆ ಸಾರ್.”

“ಗೊತ್ತು,” ಎಂದಿತು ಫೋನು. “ಅದಕ್ಕೇ ಎಂಟೂವರೆ ಅಂದಿದ್ದು.”